ಸಮೀಕರಣದ ಲೆಕ್ಕ, ವ್ಯಕ್ತಿಯ ಲೆಕ್ಕ

ಊರಿಗೆ ಸಾಂಕ್ರಾಮಿಕ ರೋಗ ಕಾಲಿಟ್ಟಾಗ ಶಾಲೆಯನ್ನು ಮುಚ್ಚಬೇಕೆ, ತೆರೆದಿಡಬೇಕೆ? 2020 ಮತ್ತು 2021ರಲ್ಲಿ ಈ ಪ್ರಶ್ನೆಯು ಗಡಿನಾಡಿನ ಹಳ್ಳಿಯಿಂದ ರಾಜಧಾನಿಯವರೆಗೆ ಶಿಕ್ಷಕರನ್ನೂ ಪಾಲಕರನ್ನೂ ಸಮಾನವಾಗಿ ಕಾಡಿತು. ಮುಚ್ಚಿದರೆ ಮಕ್ಕಳ ವಿದ್ಯೆಗೆ ಹಾನಿ. ತೆರೆದರೆ ಮನೆಯ ಹಿರಿಯರ ಜೀವಕ್ಕೆ ಅಪಾಯ. ಇಂತಹ ಸಂದಿಗ್ಧದಲ್ಲಿ ವಿಜ್ಞಾನಿಗಳು ಆಶ್ರಯಿಸುವ ಎರಡು ಗಣನಾಕ್ರಮಗಳ ಬಲಾಬಲಗಳನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಸಮೀಕರಣಾಧಾರಿತ ಮಾದರಿ. 1927ರಲ್ಲಿ ಕರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ವಿದ್ವಾಂಸರು ಇದಕ್ಕೆ ಭದ್ರವಾದ ತಳಹದಿ ಹಾಕಿದರು. ಇವರಲ್ಲಿ ಮೆಕೆಂಡ್ರಿಕ್ ಭಾರತದ ವೈದ್ಯಕೀಯ ಸೇವೆಯಲ್ಲಿದ್ದವರು. ಇಲ್ಲಿ ಜನರನ್ನು ಮೂರು ಗುಂಪಾಗಿ ವಿಂಗಡಿಸುತ್ತಾರೆ: ರೋಗ ತಗಲಬಹುದಾದವರು, ರೋಗಿಗಳು, ರೋಗದಿಂದ ಪಾರಾದವರು ಅಥವಾ ಮಡಿದವರು. ಮೊದಲೆರಡು ಗುಂಪುಗಳ ಸಂಖ್ಯೆಗಳ ಗುಣಲಬ್ಧಕ್ಕೆ ಅನುಗುಣವಾಗಿ ಹೊಸ ರೋಗಿಗಳು ಉಂಟಾಗುತ್ತಾರೆಂದು ಭಾವಿಸಿ ಅವಕಲ ಸಮೀಕರಣಗಳನ್ನು ರಚಿಸುತ್ತಾರೆ. ಎಲ್ಲರಿಗೂ ತಗಲುವ ಮುನ್ನವೇ ರೋಗವು ತಾನಾಗಿ ಇಳಿಮುಖವಾಗುವುದೇಕೆ ಎಂಬುದನ್ನು ಗಣಕಯಂತ್ರದ ನೆರವಿಲ್ಲದೆಯೇ ಈ ಕ್ರಮ ತೋರಿಸಿಕೊಟ್ಟಿತು. ಇದು ಅಲ್ಪ ಸಾಧನೆಯಲ್ಲ.

ಅವರು ತಮ್ಮ ಸೂತ್ರವನ್ನು 1905-06ರ ಮುಂಬಯಿ ಪ್ಲೇಗಿನ ವಾರವಾರದ ಮರಣಸಂಖ್ಯೆಯೊಡನೆ ಹೋಲಿಸಿದರು. ವಕ್ರರೇಖೆಯು ಬಹುಮಟ್ಟಿಗೆ ಹೊಂದಿಕೊಂಡಿತು. ಆದರೆ ಪ್ಲೇಗು ಮುಖ್ಯವಾಗಿ ಇಲಿಗಳ ಮೈಮೇಲಿನ ಚಿಗಟಗಳ ಮೂಲಕ ಹರಡುವ ರೋಗ. ಆ ಸೂತ್ರದಲ್ಲಿ ಇಲಿಗೂ ಚಿಗಟಕ್ಕೂ ಪ್ರತ್ಯೇಕ ಸ್ಥಾನವಿರಲಿಲ್ಲ! ರೇಖೆ ಹೊಂದಿಕೊಂಡ ಮಾತ್ರಕ್ಕೆ ಕಾರಣವು ತಿಳಿದಂತಾಗುವುದಿಲ್ಲವೆಂಬ ಎಚ್ಚರ ಇದರಿಂದ ನಮಗೆ ದೊರೆಯುತ್ತದೆ.

ಎರಡನೆಯದು ಏಜೆಂಟ್ ಆಧಾರಿತ ಮಾದರಿ. ಏಜೆಂಟ್ ಎಂದರೆ ಇಲ್ಲಿ ಲೆಕ್ಕದೊಳಗಿನ ಒಬ್ಬೊಬ್ಬ ವ್ಯಕ್ತಿ. ಅವನ ವಯಸ್ಸು, ಮನೆ, ಕಾಯಕ, ಸಂಚಾರದ ದಾರಿ ಎಲ್ಲವನ್ನೂ ಗಣಕಯಂತ್ರಕ್ಕೆ ಊಡಿಸಿ, ದಿನದಿನವೂ ಯಾರು ಯಾರನ್ನು ಸಂಧಿಸುವರೆಂದು ಅನುಸರಿಸುತ್ತಾರೆ. ಶರಣರನ್ನು ನಾವು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕ ಸಹಿತವಾಗಿಯೇ ಸ್ಮರಿಸುವುದಿಲ್ಲವೆ? ಅಂತೆಯೇ ಈ ಕ್ರಮದಲ್ಲಿ ವ್ಯಕ್ತಿಯು ಬರಿಯ ಅಂಕಿಯಲ್ಲ.

ನಮ್ಮ ಎಕಂಬಾದ ಒಂದು ಓಣಿಯನ್ನು ಕಲ್ಪಿಸಿಕೊಳ್ಳೋಣ. ಮನೆ 20, ಮನೆಗೆ ಐವರಂತೆ ಜನ 100. ಎಲ್ಲರೂ ಎಲ್ಲರೊಡನೆ ಸಮನಾಗಿ ಬೆರೆಯುವರೆಂದೂ, ಆರಂಭದಲ್ಲಿ ಒಬ್ಬ ರೋಗಿಯಿಂದ ಸರಾಸರಿ ಇಬ್ಬರಿಗೆ ತಗಲುವುದೆಂದೂ ಭಾವಿಸಿದರೆ, ಕಡೆಗೆ ಸುಮಾರು 80 ಜನರಿಗೆ ರೋಗ ಬರುವುದೆಂದು ಸಮೀಕರಣ ಹೇಳುತ್ತದೆ. ಆದರೆ ಪ್ರತಿಯೊಬ್ಬರೂ ತಮ್ಮ ಮನೆಯವರೊಡನೆ ಮಾತ್ರ ಬೆರೆತರೆ, ಒಬ್ಬನಿಂದ ಆರಂಭವಾದ ರೋಗ ಐವರನ್ನು ಮೀರಲಾರದು. ಇನ್ನು ಪ್ರತಿ ಮನೆಯಿಂದ ಒಂದು ಮಗು ಒಂದೇ ಶಾಲೆಗೆ ಬಂದರೆ, ಇಪ್ಪತ್ತು ಮನೆಗಳಿಗೂ ದಾರಿ ತೆರೆಯುತ್ತದೆ. ಜನಸಂಖ್ಯೆ ಅದೇ, ರೋಗವೂ ಅದೇ. ಸಂಬಂಧಗಳ ಹೆಣಿಗೆ ಮಾತ್ರ ಬೇರೆ.

ಇದು ಬರಿಯ ಕಲ್ಪನೆಯಲ್ಲ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೂಡಿ, ಬೆಂಗಳೂರು ಮತ್ತು ಮುಂಬಯಿ ನಗರಗಳಿಗೆ ಇಂತಹ ಮಾದರಿಗಳನ್ನು ರಚಿಸಿದರು. ಪ್ರತಿ ನಗರಕ್ಕೂ ಒಂದು ಕೋಟಿಗೂ ಮಿಕ್ಕಿದ ಕಲ್ಪಿತ ಪ್ರಜೆಗಳನ್ನು ಮನೆ, ಶಾಲೆ, ಕಚೇರಿಗಳಲ್ಲಿ ಹಂಚಿ, ಶಾಲೆ ಮುಚ್ಚುವುದು, ರೋಗಿಯ ಮನೆಯವರನ್ನು ಪ್ರತ್ಯೇಕಿಸುವುದು, ವೃದ್ಧರನ್ನು ದೂರವಿರಿಸುವುದು ಮೊದಲಾದ ಕ್ರಮಗಳ ಫಲವನ್ನು ತೂಗಿ ನೋಡಿದರು. ಸರಾಸರಿಯನ್ನೇ ನಂಬಲಾಗದೆಂಬುದಕ್ಕೆ ಅದೇ ವರ್ಷದ ಜುಲೈ ತಿಂಗಳಿನ ಮುಂಬಯಿ ರಕ್ತಪರೀಕ್ಷೆಯೇ ಸಾಕ್ಷಿ. ಪರೀಕ್ಷಿಸಿದ ಮೂರು ವಾರ್ಡುಗಳ ಕೊಳೆಗೇರಿಗಳಲ್ಲಿ ಸುಮಾರು ಶೇಕಡ 57, ಉಳಿದ ಕಡೆ ಸುಮಾರು ಶೇಕಡ 16 ಜನರಲ್ಲಿ ಸೋಂಕಿನ ಕುರುಹು ಕಂಡುಬಂದಿತು. ಒಂದೇ ನಗರದಲ್ಲಿ ಎಷ್ಟು ಅಂತರ!

ಹಾಗೆಂದು ಸಮೀಕರಣವನ್ನು ತಳ್ಳಿಹಾಕುವುದು ಉಚಿತವಲ್ಲ. ಏಜೆಂಟ್ ಮಾದರಿಗೆ ಅಪಾರ ಮಾಹಿತಿ ಬೇಕು. ಮಾಹಿತಿ ಇಲ್ಲದೆಡೆ ಊಹೆಯನ್ನೇ ತುಂಬಬೇಕಾಗುತ್ತದೆ. ಪ್ರತಿ ಸಲ ಓಡಿಸಿದಾಗಲೂ ಫಲಿತಾಂಶ ಬೇರೆಯಾಗುವುದರಿಂದ ಹಲವು ಬಾರಿ ಓಡಿಸಿಯೇ ನಿರ್ಣಯಕ್ಕೆ ಬರಬೇಕು. ಸಮೀಕರಣದಲ್ಲಾದರೋ ಊಹೆಗಳು ಕೆಲವೇ. ಅವೆಲ್ಲ ಕಣ್ಣೆದುರಿಗೇ ಇರುತ್ತವೆ. ಒಟ್ಟು ಏರಿಳಿತದ ಸ್ಥೂಲ ಚಿತ್ರಕ್ಕೆ ಸಮೀಕರಣ ಸಾಕು. ಯಾವ ಬಾಗಿಲು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು ಎಂಬ ಪ್ರಶ್ನೆಗೆ ವ್ಯಕ್ತಿಯ ಲೆಕ್ಕ ಅವಶ್ಯ.

ಈ ಪಾಠವನ್ನು ತರಗತಿಯಲ್ಲಿಯೇ ಮಾಡಿ ತೋರಿಸಬಹುದು. ನೂರು ಹುಣಸೆ ಬೀಜಗಳನ್ನು ಇಪ್ಪತ್ತು ಗುಂಪುಗಳಾಗಿ ಇರಿಸಿ, ಒಂದಕ್ಕೆ ಸುಣ್ಣ ಹಚ್ಚಿ, ಚೀಟಿ ಎತ್ತುತ್ತ ಮಕ್ಕಳೇ ರೋಗದ ದಾರಿಯನ್ನು ಗುರುತಿಸಲಿ. ಯಾವ ಮಗು ಯಾವ ಓಣಿಯಿಂದ, ಯಾವ ಹಳ್ಳಿಯಿಂದ ಬರುತ್ತದೆಂಬುದು ಶಿಕ್ಷಕರಿಗೆ ತಿಳಿದೇ ಇರುತ್ತದೆ. ನಗರದ ವಿಜ್ಞಾನಿಗೆ ದುರ್ಲಭವಾದ ಈ ತಿಳಿವಳಿಕೆ ನಮ್ಮ ಶಾಲೆಯ ದಾಖಲೆಗಳಲ್ಲಿಯೇ ಇದೆ. ಅದನ್ನು ಜೋಪಾನವಾಗಿಡುವುದೂ ವಿಜ್ಞಾನದ ಸೇವೆಯೇ ಸರಿ.