ಶಿಲೀಂಧ್ರದ ಸಂಯುಕ್ತ ಮತ್ತು ಜೀವಕೋಶಗಳ ಅಂಟುವಿಕೆ

ಪೀಠಿಕೆ: ಮಡತ್ತುಕುಳಂ ಸುತ್ತಿನ ತೆಂಗಿನ ತೋಟಗಳ ಮಕ್ಕಳಿಗೆ ಬೂಷ್ಟು ಹೊಸದಲ್ಲ. ಸರಿಯಾಗಿ ಒಣಗದ ಕೊಬ್ಬರಿಯ ಮೇಲೆ ಅದು ಹರಡುವುದನ್ನು ಅವರು ಕಂಡಿರುತ್ತಾರೆ. ಮನೆಯಲ್ಲಿ ‘ಬೂಷ್ಟು’, ಬೀದಿಯಲ್ಲಿ ‘ಪೂಂಜೈ’ ಎನಿಸಿಕೊಳ್ಳುವ ಇದು ಪಠ್ಯದಲ್ಲಿ ಬರುವ ‘ಶಿಲೀಂಧ್ರ’ ವರ್ಗಕ್ಕೆ ಸೇರಿದುದೆಂದು ಶಿಕ್ಷಕರು ಮೊದಲು ಸ್ಪಷ್ಟಪಡಿಸಬೇಕು.

ವಿಷಯ ನಿರೂಪಣೆ: ಜೀವಕೋಶಗಳ ಹೊರಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಇತರ ಕೋಶಗಳ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತವೆ. ಕಾಲಿಗೆ ಮುಳ್ಳು ಚುಚ್ಚಿದಾಗ, ರಕ್ತದಲ್ಲಿ ಹರಿಯುವ ಬಿಳಿ ರಕ್ತಕಣವು ಆ ಸ್ಥಳದಲ್ಲಿ ನಿಲ್ಲಬೇಕಾಗುತ್ತದೆ. ಅದರ ಮೇಲಿನ ‘ಎಲ್‌ಎಫ್‌ಎ-1’ ಪ್ರೋಟೀನು ರಕ್ತನಾಳದ ಒಳಗೋಡೆಯ ‘ಐಸಿಎಎಂ-1’ ಪ್ರೋಟೀನನ್ನು ಹಿಡಿಯುತ್ತದೆ. ಕಣವು ನಿಂತು, ಗೋಡೆ ದಾಟಿ, ಗಾಯದತ್ತ ಸಾಗುತ್ತದೆ. ಈ ಕ್ರಿಯೆ ಮಿತಿಮೀರಿದರೆ ಉರಿಯೂತವು ದೇಹಕ್ಕೇ ಹಾನಿಮಾಡುತ್ತದೆ. ಆದುದರಿಂದಲೇ ಈ ಹಿಡಿತವನ್ನು ಸಡಿಲಿಸುವ ಸಂಯುಕ್ತಗಳ ಶೋಧ ನಡೆಯಿತು.

ಜಪಾನಿನ ಅಕಿರಾ ಎಂಡೊ ಸುಮಾರು 6,000 ಸೂಕ್ಷ್ಮಜೀವಿ ತಳಿಗಳನ್ನು ಪರೀಕ್ಷಿಸಿ, 1973ರಲ್ಲಿ ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಗುಂಪಿನ ಮೊದಲ ಸಂಯುಕ್ತವನ್ನು ಶಿಲೀಂಧ್ರವೊಂದರಿಂದ ಪಡೆದರು. ಆಸ್ಪರ್ಜಿಲಸ್ ಟೆರಿಯಸ್ ಎಂಬ ಮಣ್ಣಿನ ಶಿಲೀಂಧ್ರದಿಂದ ದೊರೆತ ಲೋವಾಸ್ಟಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮತಿ ಲಭಿಸಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಇದನ್ನು ತಯಾರಿಸಿದೆ. ಇದೇ ಲೋವಾಸ್ಟಾಟಿನ್ ಎಲ್‌ಎಫ್‌ಎ-1ಕ್ಕೂ ಅಂಟಿಕೊಳ್ಳುವುದೆಂದು 1999 ಮತ್ತು 2001ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಅದು ಕುಳಿತುಕೊಳ್ಳುವುದು ಪ್ರೋಟೀನಿನ ಹಿಡಿಯುವ ತುದಿಯಲ್ಲಲ್ಲ, ಬೇರೊಂದು ತಗ್ಗಿನಲ್ಲಿ. ಆದರೂ ಹಿಡಿತವು ಸಡಿಲಗೊಳ್ಳುತ್ತದೆ.

ಚಟುವಟಿಕೆ: ಸಾಲಾಗಿ ನಿಂತ ಮಕ್ಕಳು ‘ರಕ್ತನಾಳದ ಗೋಡೆ’ಯಾಗಲಿ. ‘ಬಿಳಿ ರಕ್ತಕಣ’ಗಳಾದ ಮಕ್ಕಳು ನಡೆದು ಬಂದು, ಮೊಣಕೈ ಮಡಚಿ, ಅವರ ತೋಳಿಗೆ ತೋಳು ಸಿಕ್ಕಿಸಿ ನಿಲ್ಲಲಿ. ಬಳಿಕ ಕಣಗಳಾದ ಮಕ್ಕಳ ಮೊಣಕೈಯ ಒಳಬದಿಗೆ ಅಳತೆಪಟ್ಟಿಯನ್ನಿಟ್ಟು ಮೆತ್ತಗೆ ಕಟ್ಟಬೇಕು. ಅಂಗೈ ಬರಿದಾಗಿದ್ದರೂ ತೋಳು ಮಡಚದು, ಹಿಡಿತ ಸಿಕ್ಕದು. ಲೋವಾಸ್ಟಾಟಿನ್ ಮಾಡುವುದೂ ಇದನ್ನೇ.

ಎಚ್ಚರಿಕೆ: ‘ಬೂಷ್ಟಿನಿಂದ ಔಷಧ’ ಎಂಬ ಮಾತಿನೊಂದಿಗೆ ಪಾಠ ಮುಗಿದರೆ, ಬೂಷ್ಟು ಹಿಡಿದ ಕೊಬ್ಬರಿಯನ್ನು ಮಗು ನಿರ್ಭಯವಾಗಿ ತಿಂದೀತು. ಆಸ್ಪರ್ಜಿಲಸ್ ಕುಲಕ್ಕೇ ಸೇರಿದ ಆಸ್ಪರ್ಜಿಲಸ್ ಫ್ಲೇವಸ್ ಕೊಬ್ಬರಿ, ಕಡಲೆಕಾಯಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಯಕೃತ್ತಿಗೆ ಮಾರಕವಾದ ಈ ವಿಷವು ಸಾಮಾನ್ಯ ಅಡುಗೆಯ ಬಿಸಿಗೆ ಪೂರ್ಣವಾಗಿ ನಾಶವಾಗುವುದಿಲ್ಲ. ಶುದ್ಧೀಕರಿಸಿ, ಪರೀಕ್ಷಿಸಿ, ಪ್ರಮಾಣ ನಿಗದಿಪಡಿಸಿದ ಸಂಯುಕ್ತ ಮಾತ್ರ ಔಷಧವೆಂಬುದು ಮಕ್ಕಳ ಮನದಲ್ಲಿ ನೆಲೆಯೂರಬೇಕು.

ಮೌಲ್ಯಮಾಪನ:
1. ಬಿಳಿ ರಕ್ತಕಣವು ರಕ್ತನಾಳದ ಗೋಡೆಗೆ ಅಂಟದಿದ್ದರೆ ಗಾಯಕ್ಕೆ ಏನಾಗುತ್ತದೆ?
2. ಒಂದೇ ಕುಲದ ಎರಡು ಶಿಲೀಂಧ್ರಗಳಲ್ಲಿ ಒಂದು ಔಷಧಕ್ಕೂ ಇನ್ನೊಂದು ವಿಷಕ್ಕೂ ಮೂಲವಾಗಿರುವುದನ್ನು ವಿವರಿಸಿ.