ಇಲಿಗೆ ಒಗ್ಗಿದ ದಾಳಿಂಬೆ ಕಿಡ್ನಿ ರೋಗಿಗೂ ಒಗ್ಗುತ್ತದೆಯೇ?

ದಾಳಿಂಬೆ ರಸ ಕುಡಿದರೆ ಕಿಡ್ನಿ ಕಾಯಿಲೆ ವಾಸಿಯಾಗುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದು ಪೂರ್ತಿ ಕಟ್ಟುಕಥೆಯಲ್ಲ, ಅದರ ಹಿಂದೆ ಇಲಿಗಳ ಮೇಲೆ ನಡೆದ ಪ್ರಯೋಗಗಳಿವೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಹಾಗಾಗಿ ಇದರಲ್ಲಿರುವ ಲೆಕ್ಕವೇ ನನ್ನನ್ನು ಹೆಚ್ಚು ಸೆಳೆಯಿತು.

ಪ್ರಯೋಗ ಸಾಮಾನ್ಯವಾಗಿ ಹೀಗಿರುತ್ತದೆ. ಆರೋಗ್ಯವಾಗಿರುವ ಇಲಿಗಳಿಗೆ ಜೆಂಟಮೈಸಿನ್ ಎಂಬ ಔಷಧವನ್ನು ಕೆಲವು ದಿನ ಹೆಚ್ಚು ಪ್ರಮಾಣದಲ್ಲಿ ಕೊಡುತ್ತಾರೆ. ಅದು ಕಿಡ್ನಿಯ ಸಣ್ಣ ನಾಳಗಳಲ್ಲಿ ಸೇರಿಕೊಂಡು ಜೀವಕೋಶಗಳನ್ನು ಕೆಡಿಸುತ್ತದೆ. ಅಲ್ಲಿ ಉರಿಯೂತ ಶುರುವಾಗಿ, ರಕ್ತದಲ್ಲಿ ಯೂರಿಯಾ ಮತ್ತು ಕ್ರಿಯಾಟಿನಿನ್ ಏರುತ್ತವೆ. ಇನ್ನೊಂದು ಗುಂಪಿನ ಇಲಿಗಳಿಗೆ ಔಷಧದ ಜೊತೆ ಹಣ್ಣಿನ ಸಾರವನ್ನೂ ಕೊಟ್ಟು ಹೋಲಿಸುತ್ತಾರೆ. ದಾಳಿಂಬೆಯ ಸಾರ ಪಡೆದ ಇಲಿಗಳಲ್ಲಿ ಹಾನಿ ಕಡಿಮೆ ಕಂಡಿದೆ. ಅದರಲ್ಲಿರುವ ಪ್ಯೂನಿಕಲಾಜಿನ್‌ನಂಥ ಪದಾರ್ಥಗಳು ಉರಿಯೂತವನ್ನು ತಗ್ಗಿಸುತ್ತವೆ.

ಈಗ ಲೆಕ್ಕ. ಇಲಿಗೆ ಕೆಜಿ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟರು ಎಂದುಕೊಳ್ಳಿ. 60 ಕೆಜಿ ಮನುಷ್ಯನಿಗೆ ಎಷ್ಟು? ನೇರವಾಗಿ ಗುಣಿಸಿದರೆ 12 ಗ್ರಾಂ. ಆದರೆ ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಖರ್ಚು ಮಾಡುತ್ತದೆ. ಅದಕ್ಕೆ ಇಲಿಯ ಪ್ರಮಾಣವನ್ನು ಮೊದಲು ಸುಮಾರು 6.2ರಿಂದ ಭಾಗಿಸುವ ರೂಢಿಯಿದೆ. ಆಗ ಬರುವುದು 2 ಗ್ರಾಂಗೂ ಕಡಿಮೆ. ಅದೂ ಒಣಗಿಸಿದ ಸಾರ, ಅಂಗಡಿಯ ಜ್ಯೂಸ್ ಅಲ್ಲ!

ಕಾಯಿಲೆಯೂ ಒಂದೇ ಅಲ್ಲ. ಇಲಿಯದು ಕೆಲವೇ ದಿನಗಳ ಪೆಟ್ಟು. ನಮ್ಮ ಹಿರಿಯರದು ಹೆಚ್ಚಾಗಿ ಶುಗರ್, ಬಿಪಿಯಿಂದ ವರ್ಷಗಟ್ಟಲೆ ಸವೆದ ಕಿಡ್ನಿ. ಅಂಥ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು, ಅದು ರಕ್ತದಲ್ಲಿ ಹೆಚ್ಚಾದರೆ ಹೃದಯವೇ ನಿಲ್ಲಬಹುದು. ಒಂದು ದೊಡ್ಡ ಲೋಟ ದಾಳಿಂಬೆ ರಸದಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕಾಯಿಲೆಯವರನ್ನು ನೋಡಲು ಹೋಗುವಾಗ ನಮ್ಮವರು ಅನಾರ್, ಮೋಸಂಬಿ ಕಟ್ಟಿಸಿಕೊಂಡೇ ಹೋಗುತ್ತಾರೆ. ಡಾಕ್ಟರ್ ಯಾವ ಹಣ್ಣು ಬೇಡ ಎಂದಿದ್ದಾರೆ ಎಂದು ಆ ಮನೆಯವರಿಗೆ ಮೊದಲೇ ಒಂದು ಫೋನ್ ಮಾಡಿದರೆ ಒಳ್ಳೆಯದು.

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. 2012ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದಲ್ಲಿ 101 ಡಯಾಲಿಸಿಸ್ ರೋಗಿಗಳಿದ್ದರು. ಒಂದು ವರ್ಷ ದಾಳಿಂಬೆ ರಸ ಕುಡಿದವರಲ್ಲಿ ಉರಿಯೂತ ಕಡಿಮೆಯಾಯಿತು. ಆದರೆ ಅವರು ಕುಡಿದದ್ದು ಡಯಾಲಿಸಿಸ್ ನಡೆಯುವ ಹೊತ್ತಿನಲ್ಲಿ, ವಾರಕ್ಕೆ ಮೂರು ಸಲ. ಪೊಟ್ಯಾಸಿಯಂ ತೆಗೆಯಲು ಪಕ್ಕದಲ್ಲೇ ಯಂತ್ರವಿತ್ತು. ವಾಟ್ಸಾಪ್ ಸಂದೇಶದಲ್ಲಿ ಈ ಮಾತೇ ಇರುವುದಿಲ್ಲ.

ಕಮರಾಕ್ಷಿಯ ಕಥೆ ಇನ್ನೂ ಗಂಭೀರ. ಮನೆಯಲ್ಲಿ ನಾವು ಕಮ್ರಕ್ ಎನ್ನುವ, ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಹಣ್ಣು ಅದು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಬ್ರೆಜಿಲ್ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಕಿಡ್ನಿ ಕೆಟ್ಟವರು ಅದನ್ನು ತಿಂದರೆ ಮೊದಲು ಬಿಡದ ಬಿಕ್ಕಳಿಕೆ, ನಂತರ ಗೊಂದಲ, ಫಿಟ್ಸ್ ಬರುತ್ತವೆ. ಸತ್ತವರೂ ಇದ್ದಾರೆ.