ಗುಡುಗಿಗೆ ಬೆದರುವ ನಾಯಿ: ಮೊದಲು ಸರಪಳಿ ಬಿಚ್ಚಿ

ಭರಣಿ, ಕೃತ್ತಿಕೆ ಮಳೆ ಶುರುವಾದರೆ ಹುಣಸೂರು ಸೀಮೆಯಿಂದ ನಮಗೆ ಬರುವ ಪತ್ರಗಳಲ್ಲಿ ಹಸುವಿನ ಕೆಚ್ಚಲು ಬಾವು ಹಿಂದೆ ಸರಿದು ನಾಯಿ ಮುಂದೆ ಬರುತ್ತದೆ. ಈ ಸಲ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕಿನವರು ಹೆಚ್ಚುಕಡಿಮೆ ಒಂದೇ ಸಂಗತಿ ಕೇಳಿದ್ದಾರೆ. ಪಶುವೈದ್ಯರ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಗೆಸೊಪ್ಪಿನ ಬೇಸಾಯ. ಹೊಲದ ಮನೆ ಕಾಯೋಕೆ ಕರಿಯ ಅಂತ ನಾಟಿ ನಾಯಿ ಸಾಕಿದ್ದೀವಿ. ಹಗಲೆಲ್ಲ ಸೊಪ್ಪು ಬೇಯಿಸೋ ಬ್ಯಾರನ್ ಪಕ್ಕದ ಬೇವಿನ ಮರಕ್ಕೆ ಕಟ್ಟಿರ್ತೀವಿ. ಹಂದಿ ಹಿಂಡು ಬಂದರೂ ಜಗ್ಗದ ನಾಯಿ, ಗುಡುಗು ಅಂದ್ರೆ ಜೊಲ್ಲು ಸುರಿಸಿಕೊಂಡು ನಡುಗ್ತದೆ. ಸರಪಳಿ ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ. ಹೋದ ವಾರ ಕಿತ್ಕೊಂಡು ಓಡಿದ್ದು ಮೂರನೇ ದಿನ ಕಂಪಲಾಪುರದ ಹತ್ರ ಸಿಕ್ತು. ಇನ್ನೂ ದಪ್ಪ ಸರಪಳಿ ತಗೊಂಡು ಬಾ ಅಂತಾರೆ ನಮ್ಮಪ್ಪ. ಏನು ಮಾಡಲಿ?
— ರೈತರೊಬ್ಬರು, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: ದಪ್ಪ ಸರಪಳಿ ಬೇಡ, ಇರುವುದನ್ನೂ ಬಿಚ್ಚಿ. ಹೆದರಿದ ಪ್ರಾಣಿ ಓಡಬೇಕು, ಇಲ್ಲವೇ ಎಲ್ಲಾದರೂ ಹೊಕ್ಕು ಅಡಗಬೇಕು. ಮರಕ್ಕೆ ಕಟ್ಟಿದರೆ ಎರಡಕ್ಕೂ ದಾರಿಯಿಲ್ಲ. ಆಗ ಅದು ತನ್ನ ಹಲ್ಲನ್ನೇ ಮುರಿದುಕೊಳ್ಳುತ್ತದೆ. ಮರದ ಕೆಳಗೆ ನಿಂತ ದನ ಸಿಡಿಲಿಗೆ ಸತ್ತ ಸುದ್ದಿ ಓದುತ್ತಲೇ ಇರುತ್ತೀರಿ. ಅದೇ ಮರಕ್ಕೆ ನಾಯಿಯನ್ನು ಕಬ್ಬಿಣದಲ್ಲಿ ಕಟ್ಟುವುದು ಯಾವ ಲೆಕ್ಕ?

ಅಡಗಲು ಜಾಗ ನಿಮ್ಮಲ್ಲೇ ಇದೆ. ಸಸಿ ನಾಟಿಯ ಈ ಕಾಲದಲ್ಲಿ ಬ್ಯಾರನ್ ಖಾಲಿ ಇರುತ್ತದೆ. ದಪ್ಪ ಗೋಡೆ, ಕಿಟಕಿ ಕಡಿಮೆ, ಒಳಗೆ ಕತ್ತಲು. ಮಿಂಚು ಕಾಣದು, ಸದ್ದೂ ತಗ್ಗುತ್ತದೆ. ಮೂಲೆಯಲ್ಲಿ ಗೋಣಿಚೀಲ ಹಾಸಿ, ನೀರಿಟ್ಟು, ನಾಯಿ ತಾನಾಗಿ ಹೋಗಿ ಬರುವಷ್ಟು ಬಾಗಿಲು ತೆರೆದಿಡಿ. ಅದಕ್ಕೂ ಮೊದಲು ಅಲ್ಲಿಟ್ಟಿರುವ ಔಷಧಿ ಡಬ್ಬ, ಇಲಿ ಪಾಷಾಣ, ಹಳೇ ಸೊಪ್ಪಿನ ಪುಡಿ ಎಲ್ಲ ಹೊರಗೆ ಹೋಗಬೇಕು. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ. ಸೊಪ್ಪು ಬೇಯಿಸಲು ಶುರುವಾದ ಮೇಲೆ ಒಳಗಿನ ಶಾಖ ಕೊನೆಯ ಹಂತದಲ್ಲಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಹಾಗಾಗಿ ಈ ಏರ್ಪಾಡು ಬೇಯಿಸುವ ಕಾಲ ಬರುವವರೆಗೆ ಮಾತ್ರ, ಆಮೇಲೆ ಕೊಟ್ಟಿಗೆಯೇ ಸರಿ.

ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆ ಬರುತ್ತದೆ. ನಾಯಿಯ ಊಟ, ಓಡಾಟ ಮೂರು ಗಂಟೆಯೊಳಗೆ ಮುಗಿಸಿ ಬಿಚ್ಚಿಬಿಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮೊಬೈಲ್‌ನಲ್ಲಿದ್ದರೆ ಸುತ್ತಮುತ್ತ ಸಿಡಿಲು ಬೀಳುತ್ತಿರುವುದು ಗೊತ್ತಾಗುತ್ತದೆ. ನಿಮಗೂ ಅದು ಬೇಕು.

ಈಗಲೇ ಕರಿಯನ ಬಾಯಿ ತೆರೆಸಿ ನೋಡಿ. ಕೋರೆಹಲ್ಲಿನ ತುದಿ ಮುರಿದು ಮಧ್ಯೆ ಕೆಂಪು ಚುಕ್ಕೆ ಕಂಡರೆ ಹಲ್ಲಿನ ನರ ಬಯಲಾಗಿದೆ ಎಂದರ್ಥ. ಅದು ತಿನ್ನುತ್ತಿದ್ದರೂ ನೋವಿರುತ್ತದೆ. ಬೇರೆ ನಾಯಿ ಕಚ್ಚಿದ ಗುರುತೇನಾದರೂ ಇದ್ದರೆ ಗಾಯವನ್ನು ಸೋಪು ನೀರಲ್ಲಿ ತೊಳೆದು ಅಂದೇ ಪಶು ಆಸ್ಪತ್ರೆಗೆ ಒಯ್ದು ರೇಬಿಸ್ ಲಸಿಕೆಯ ವಿಚಾರ ಕೇಳಿ. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ. ಒಯ್ಯಲು ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಗುಡುಗು ಬಂದಾಗ ನಮ್ಮ ಜೂಲಿ ಬಚ್ಚಲುಮನೆಗೆ ಓಡಿ ಹಂಡೆ ಹಿಂದೆ ಕೂರುತ್ತಾಳೆ. ನಾನು ಹೋಗಿ ತಲೆ ಸವರುತ್ತೇನೆ. ‘ನೀನು ಮುದ್ದು ಮಾಡಿ ಮಾಡಿಯೇ ಅದರ ಭಯ ಜಾಸ್ತಿಯಾಗಿರೋದು’ ಅಂತ ಅತ್ತೆ ಗದರುತ್ತಾರೆ. ಹೌದೇ?
— ಗೃಹಿಣಿ, ಹುಣಸೂರು

ಉತ್ತರ: ನಿಮ್ಮ ಅತ್ತೆಯವರೊಬ್ಬರೇ ಅಲ್ಲಮ್ಮ, ನಾಯಿ ಪಳಗಿಸುವವರೂ ಬಹುಕಾಲ ಇದನ್ನೇ ಹೇಳುತ್ತಿದ್ದರು. ಕೂತುಕೋ ಎಂದಾಗ ಕೂತರೆ ಬಿಸ್ಕತ್ತು ಕೊಡುತ್ತೀರಿ, ಆ ಅಭ್ಯಾಸ ಬೆಳೆಯುತ್ತದೆ. ಭಯ ಹಾಗಲ್ಲ. ತಿಂಡಿಯ ಆಸೆಗೆ ಯಾರೂ ಹೆದರುವುದಿಲ್ಲ. ಜೂಲಿ ನಿಮ್ಮ ಪಕ್ಕ ಬಂದು ಒರಗಿದರೆ ಒರಗಲಿ, ಮೆಲ್ಲಗೆ ಸವರಿ. ಹಂಡೆ ಹಿಂದೆಯೇ ಇರಬೇಕು ಅನ್ನಿಸಿದರೆ ಎಳೆದು ತರಬೇಡಿ. ಕಿಟಕಿ ಚಿಕ್ಕದು, ಗೋಡೆ ದಪ್ಪ, ಹಂಡೆ ಬೆಚ್ಚಗೆ. ಜಾಗವನ್ನು ಅವಳು ಸರಿಯಾಗಿಯೇ ಆರಿಸಿಕೊಂಡಿದ್ದಾಳೆ. ಒಲೆ ಉರಿಯುತ್ತಿದ್ದರೆ ಮಾತ್ರ ಒಂದು ಕಣ್ಣಿರಲಿ.

ಇದರ ಜೊತೆಗೆ ಇನ್ನೊಂದು ಮಾಡಿ. ಬೇಯಿಸಿದ ಕೋಳಿಯ ಚೂರೋ ಮೊಟ್ಟೆಯೋ ಒಂದು ಬಟ್ಟಲಲ್ಲಿ ಸಿದ್ಧವಿರಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಬೇಡ, ಅವು ನಾಯಿಯ ರಕ್ತ ಕೆಡಿಸುತ್ತವೆ. ಗುಡುಗಿತೋ, ತಕ್ಷಣ ಒಂದು ಚೂರು. ಮತ್ತೆ ಗುಡುಗಿತೋ, ಮತ್ತೊಂದು. ಗುಡುಗು ಮೊದಲು, ತಿಂಡಿ ಆಮೇಲೆ. ಈ ಕ್ರಮ ತಿರುವುಮುರುವಾದರೆ ಚೂರು ಕಂಡರೂ ಹೆದರುವ ನಾಯಿಯಾಗುತ್ತದೆ. ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 1,225 ಮಾಲೀಕರು ಪಟಾಕಿ ಭಯಕ್ಕೆ ತಾವು ಮಾಡಿದ ಉಪಾಯಗಳ ಫಲ ಹೇಳಿದ್ದರು. ಸದ್ದಾದ ಕೂಡಲೇ ತಿಂಡಿ ಇಲ್ಲವೇ ಆಟ ಕೊಟ್ಟವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಗುಣ ಕಂಡಿದ್ದರು. ಮೈಗೆ ಬಿಗಿಯಾಗಿ ಕಟ್ಟುವ ಅಂಗಿಯಿಂದ ಗುಣ ಕಂಡವರು ನೂರಕ್ಕೆ 44. ಪಟಾಕಿಯ ಲೆಕ್ಕ ಗುಡುಗಿಗೆ ಪೂರ್ತಿ ಹೊಂದದಿದ್ದರೂ, ಒಂದು ಮೊಟ್ಟೆಯ ಖರ್ಚಿಗೆ ಪ್ರಯತ್ನಿಸಬಹುದಾದದ್ದು. ಜೂಲಿ ಚೂರನ್ನು ಮೂಸಿಯೂ ನೋಡದಿದ್ದರೆ ಭಯ ಮಿತಿಮೀರಿದೆ. ಆಗ ಕೆಳಗಿನ ಔಷಧಿಯ ಪ್ರಶ್ನೆ ಓದಿ.

ಸಿಡಿಲಿಗೆ ಟಿ.ವಿ. ಪ್ಲಗ್ ಕಿತ್ತಿಟ್ಟಿರುತ್ತೀರಿ, ಕರೆಂಟೂ ಹೋಗಿರುತ್ತದೆ. ಮೊಬೈಲ್‌ನಲ್ಲಿ ಯಾವುದಾದರೂ ಹಾಡು ಹಾಕಿಡಿ. ಅತ್ತೆಯವರ ದೇವರನಾಮವಾದರೆ ಮನೆಯಲ್ಲಿ ಒಮ್ಮತವೂ ಮೂಡೀತು.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ. ಇಷ್ಟು ದಿನ ಗುಡುಗಿದರೆ ಕಣ್ಣೂ ಬಿಡುತ್ತಿರಲಿಲ್ಲ. ಈ ವರ್ಷ ಇದ್ದಕ್ಕಿದ್ದಂತೆ ನಡುಗತೊಡಗಿದ್ದಾನೆ. ಹೋದ ಬೇಸಿಗೆ ತಾರಸಿ ಮೇಲೆ ಜಿಂಕ್ ಶೀಟ್ ಹಾಕಿಸಿದ್ದು ಬಿಟ್ಟರೆ ಮನೆಯಲ್ಲಿ ಬೇರೇನೂ ಬದಲಾಗಿಲ್ಲ.
— ನಿವೃತ್ತ ಶಿಕ್ಷಕ, ಕೆ.ಆರ್. ನಗರ

ಉತ್ತರ: ಮೇಷ್ಟ್ರೇ, ಅರ್ಧ ಉತ್ತರ ನೀವೇ ಬರೆದಿದ್ದೀರಿ. ಶೀಟಿನ ಮೇಲೆ ದಪ್ಪ ಹನಿ ಬಿದ್ದಾಗ ಅದರಡಿ ನಿಂತು ಮಾತಾಡಲು ನಮಗೇ ಆಗುವುದಿಲ್ಲ. ಅವನ ಹಾಸಿಗೆಯನ್ನು ಮಹಡಿ ಮೆಟ್ಟಿಲಿನಿಂದ ದೂರ, ನಡುಮನೆಗೆ ತನ್ನಿ.

ಉಳಿದರ್ಧಕ್ಕೆ ಅವನ ಸೊಂಟ, ಮಂಡಿ ತೋರಿಸಿ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರೂ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೀಲು-ಸ್ನಾಯು ನೋವಿದ್ದ ನಾಯಿಗಳಿಗೆ ಸದ್ದಿನ ಭಯ ಶುರುವಾದದ್ದು ನೋವಿಲ್ಲದವಕ್ಕಿಂತ ಸರಾಸರಿ ನಾಲ್ಕು ವರ್ಷ ತಡವಾಗಿ. ಸದ್ದಿಗೆ ಬೆಚ್ಚಿ ಮೈ ಬಿಗಿಹಿಡಿದಾಗ ನೋಯುವ ಕೀಲು ಇನ್ನಷ್ಟು ನೋಯುತ್ತದೆ, ನಾಯಿ ಆ ನೋವನ್ನು ಸದ್ದಿಗೆ ಗಂಟುಹಾಕುತ್ತದೆ ಎಂಬುದು ಅವರ ಊಹೆ. ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತಾನೆಯೇ, ಜಗಲಿ ಹತ್ತಲು ಯೋಚಿಸುತ್ತಾನೆಯೇ ಗಮನಿಸಿ. ನಿಮ್ಮ ಮಂಡಿನೋವಿನ ಮಾತ್ರೆಯನ್ನು ಅವನಿಗೆ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆ, ಮೂತ್ರಪಿಂಡ, ಲಿವರ್ ಕೆಡಿಸಬಲ್ಲದು.

ಪ್ರಶ್ನೆ: ನಮ್ಮದು ಕಾಡಂಚಿನ ಊರು. ಆನೆ ಓಡಿಸೋಕೆ ರಾತ್ರಿ ಪಟಾಕಿ ಹೊಡೀತಾರೆ. ನಾಯಿ ಹೆದರಿ ಕತ್ತಲಲ್ಲಿ ಎತ್ತಲೋ ಓಡ್ತದೆ. ಚಿರತೆ ಕಾಟ ಬೇರೆ. ಮರಿಯಿಂದಲೇ ಪಕ್ಕದಲ್ಲಿ ಪಟಾಕಿ ಹೊಡೆದು ಅಭ್ಯಾಸ ಮಾಡಿಸಿದ್ರೆ ಧೈರ್ಯ ಬರ್ತದಾ?
— ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಖಂಡಿತ ಬರುವುದಿಲ್ಲ. ಆಯಸ್ಸಿಡೀ ಉಳಿಯುವ ಭಯ ಬರುತ್ತದೆ. ಆನೆ ಗದ್ದೆಗೆ ಇಳಿದಾಗ ಪಟಾಕಿ ಹೊಡೆಯಬೇಡಿ ಎನ್ನಲು ನನಗೆ ಬಾಯಿಲ್ಲ. ಕಾವಲಿಗೆ ಹೋಗುವವರ ವಾಟ್ಸ್ಆ್ಯಪ್ ಗುಂಪಿರುತ್ತದಲ್ಲ, ಹೊಡೆಯುವ ಮುಂಚೆ ಒಂದು ಮಿಸ್ಡ್ ಕಾಲ್ ಕೊಡಲು ಹೇಳಿ. ಹೊತ್ತು ಮುಳುಗುವ ಮೊದಲೇ ನಾಯಿಯನ್ನು ಒಳಗೆ ಸೇರಿಸಿ ಚಿಲಕ ಹಾಕಿ, ಚಿರತೆಗೂ ಅದೇ ಮದ್ದು. ಮನೆಯೊಳಗೆ ನಾಯಿ ಬರಕೂಡದು ಎನ್ನುವ ಹಿರಿಯರಿದ್ದರೆ ಕೊಟ್ಟಿಗೆಯಲ್ಲಿ ದನದ ಕಾಲಿಗೆ ಸಿಗದಂತೆ ಹಲಗೆ ಅಡ್ಡ ಕಟ್ಟಿ ಜಾಗ ಮಾಡಿ.

ಸದ್ದು ರೂಢಿ ಮಾಡಿಸುವ ಸರಿಯಾದ ದಾರಿ ನಿಧಾನದ್ದು. ಗುಡುಗು, ಪಟಾಕಿಯ ಧ್ವನಿಮುದ್ರಣವನ್ನು ಮೊಬೈಲ್‌ನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಊಟ ಕೊಡಿ. ಕಿವಿ ಹಿಂದಕ್ಕೆ ಮಡಚದೆ, ನಾಲಿಗೆ ಚಪ್ಪರಿಸದೆ ತಿಂದರೆ ಕೆಲವು ದಿನ ಬಿಟ್ಟು ಒಂದು ಗೆರೆ ಏರಿಸಿ. ಮಳೆಯಿಲ್ಲದ ಜನವರಿ, ಫೆಬ್ರವರಿ ಇದಕ್ಕೆ ತಕ್ಕ ಕಾಲ. ಗುಡುಗಿನ ವಿಷಯದಲ್ಲಿ ಇದು ಅರ್ಧವೇ ಕೆಲಸ ಮಾಡೀತು. ಮೋಡ ಕಪ್ಪಾಗುವುದು, ಗಾಳಿ ಎದ್ದು ಮಣ್ಣಿನ ವಾಸನೆ ಬರುವುದು, ಇವನ್ನೂ ನಾಯಿ ಗುಡುಗಿನ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತದೆ. ಮೊಬೈಲ್‌ನಲ್ಲಿ ಅವು ಬರುವುದಿಲ್ಲ.

ಪ್ರಶ್ನೆ: ಮೆಡಿಕಲ್ ಶಾಪ್‌ನಲ್ಲಿ ಸಿಗುವ ನಿದ್ದೆ ಮಾತ್ರೆ ಕೊಡಬಹುದೇ?
— ವಿದ್ಯಾರ್ಥಿ, ಹುಣಸೂರು

ಉತ್ತರ: ನೀವಾಗಿಯೇ ಕೊಡಕೂಡದು. ಭಯ ಇಳಿಸುವ ಔಷಧಿಗಳಿವೆ: ಟ್ರಾಜೊಡೋನ್, ಗ್ಯಾಬಪೆಂಟಿನ್, ಆಲ್ಪ್ರಜೋಲಾಮ್. ಪಶುವೈದ್ಯರು ತೂಕ, ಹೃದಯ, ಲಿವರ್ ನೋಡಿ ಪ್ರಮಾಣ ಬರೆಯುತ್ತಾರೆ. ಗುಡುಗು ಶುರುವಾಗುವ ಮುನ್ನವೇ ಹೊಟ್ಟೆ ಸೇರಿದರೆ ಇವುಗಳ ಫಲ ಹೆಚ್ಚು. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಏಸ್‌ಪ್ರೊಮಝಿನ್ ಒಂದನ್ನೇ ಕೊಟ್ಟರೆ ಮೈ ಮಲಗುತ್ತದೆ, ಹೆದರಿಕೆ ಹೋಗುವುದಿಲ್ಲ. ನೋಡುವವರಿಗೆ ನೆಮ್ಮದಿ, ನಾಯಿಗಲ್ಲ.

ಪ್ರಶ್ನೆ: ಜೊತೆಗೊಂದು ನಾಯಿ ತಂದರೆ ಧೈರ್ಯ ಬರುತ್ತದೆಯೇ?
— ಕೆ.ಆರ್. ನಗರ

ಉತ್ತರ: ಅಮೆರಿಕದ ಪೆನ್ಸಿಲ್ವೇನಿಯಾದಿಂದ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗುಡುಗಿಗೆ ಹೆದರುವ ನಾಯಿಗಳ ಒತ್ತಡ ಅಳೆಯಲು ಜೊಲ್ಲು ಪರೀಕ್ಷಿಸಿದಾಗ, ಸಂಗಾತಿ ನಾಯಿಗಳಿದ್ದ ಮನೆಯವು ಬೇಗ ಚೇತರಿಸಿಕೊಂಡದ್ದು ಕಂಡಿತ್ತು. ಅಷ್ಟಕ್ಕೇ ನಾಯಿ ತರಬೇಡಿ. ಬರುವುದೂ ಪುಕ್ಕಲಾದರೆ ಮಂಚದ ಕೆಳಗೆ ಜಾಗ ಸಾಲುವುದಿಲ್ಲ.